ಖಮರುದ್ದೀನ್ ದಲಾಲರ ಕಿರುಬೆರಳು

ಕಮಲಾಪುರದ ದನದ ಸಂತೆಯಲ್ಲಿ ಬಾಯಿಗೆ ಹೆಚ್ಚು ಕೆಲಸವಿಲ್ಲ. ಎಲೆಯಡಿಕೆ ಜಗಿಯುವುದಕ್ಕೆ, ಬೀಡಿ ಸೇದುವುದಕ್ಕೆ, ಎದುರಿನವನ ಎತ್ತು ಕುಂಟುತ್ತದೆ ಎನ್ನುವುದಕ್ಕೆ ಮಾತ್ರ ಅದು ಬೇಕು. ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ. ದಲಾಲ ಮೊದಲು ಮಾರುವವನ ಕೈಯನ್ನು ತನ್ನ ಟವೆಲ್ಲಿನೊಳಗೆ ಕರೆದುಕೊಳ್ಳುತ್ತಾನೆ. ಅವನು ದಲಾಲನ ಎಷ್ಟು ಬೆರಳು ಹಿಡಿದನೋ ಅಷ್ಟು ಸಾವಿರ. ಆಮೇಲೆ ಕೊಳ್ಳುವವನ ಕೈ. ಎರಡೂ ಕೂಡಿದರೆ ಟವೆಲ್ ಹೆಗಲಿಗೆ, ಹಗ್ಗ ಕೊಂಡವನಿಗೆ. ಸುತ್ತ ನಿಂತ ನೂರು ಮಂದಿಗೆ ಬೆಲೆ ಮಾತ್ರ ತಿಳಿಯುವುದಿಲ್ಲ.

ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿದ್ದ ಖಮರುದ್ದೀನ್ ಇಪ್ಪತ್ತಾರು ವರ್ಷ ವಾರಕ್ಕೊಮ್ಮೆ ಮೊದಲ ಬಸ್ಸಿಗೆ ಹೋಗಿ ಈ ಕೆಲಸ ಮಾಡಿದವರು. ಹಿಡಿದ ಕೈ ಬೆವರಿದ್ದರೆ ಮನೆಯಲ್ಲಿ ಮದುವೆಯಿದೆ, ಒಣಗಿದ್ದರೆ ಎತ್ತಿಗೇ ಏನೋ ಐಬಿದೆ ಎಂದು ಅವರಿಗೆ ತಿಳಿಯುತ್ತಿತ್ತಂತೆ. ಹೀಗೆ ಕೈ ಕೊಟ್ಟೇ ಬದುಕಿದ ಮನುಷ್ಯನಿಗೆ ೧೯೯೬ರ ಮಳೆಗಾಲದಲ್ಲಿ ಕೈಯೇ ಕೈಕೊಟ್ಟಿತು. ಪೂರ್ತಿ ಅಲ್ಲ, ಬಲಗೈಯ ಕಿರುಬೆರಳು ಮಾತ್ರ. ಏನೋ ಸುಡುತ್ತಿದೆ ಎಂದು ಹೆಂಡತಿ ನಜ್ಮಾ ಅಡುಗೆಮನೆಯಿಂದ ಕೂಗಿದಳು. ನೋಡಿದರೆ ತಾವೇ, ಬೀಡಿಯ ತುದಿ ಆ ಬೆರಳಿಗೆ ಹತ್ತಿದ್ದು ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಖಮರುದ್ದೀನ್ ಹೊರಗೆ ಯಾರಿಗೂ ಹೇಳಲಿಲ್ಲ. ಬೆರಳು ಸತ್ತ ದಲಾಲನ ಟವೆಲ್ಲಿನೊಳಗೆ ಯಾರು ಕೈಯಿಡುತ್ತಾರೆ?

ದೀಪಾವಳಿ ಮುಗಿದ ವಾರ ಗುರುಲಿಂಗಪ್ಪನೆಂಬ ರೈತ ಒಂದು ಬಿಳಿ ಎತ್ತು ತಂದ. ಟವೆಲ್ಲಿನೊಳಗೆ ನಾಲ್ಕು ಬೆರಳು ಹಿಡಿದ. ಖಮರುದ್ದೀನರಿಗೆ ಮೂರೇ ತಿಳಿದವು. ಕೊಳ್ಳಲು ಬಂದ ಕೋಟನೂರಿನ ಸೂಗಪ್ಪ ಮೂರು ಹಿಡಿದ, ಮೂರೂ ತಿಳಿದವು. ಲೆಕ್ಕ ಕೂಡಿತು. ಟವೆಲ್ ಹೆಗಲೇರಿತು.

ಸೂಗಪ್ಪ ಮೂರು ಸಾವಿರ ಕೊಟ್ಟ. ಗುರುಲಿಂಗಪ್ಪ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ.

"ಉಳದದ್ದು?"

"ಯಾವ ಉಳದದ್ದು? ಮೂರಕ್ಕ ಮುಗದದ" ಎಂದರು ಖಮರುದ್ದೀನ್.

"ಚಾಚಾ, ನಾ ನಾಕ್ ಹಿಡದೀನ್ರಿ. ಕಿರುಬೆರಳ ಸೈತ ಹಿಡದೀನಿ."

ಜನ ಸೇರಿತು. ಪಕ್ಕದ ದಲಾಲ ಶಬ್ಬೀರ್ ಬಾಯಿಂದ ಹಲ್ಲುಕಡ್ಡಿ ತೆಗೆದ. "ಒಂದ್ ಬೆರಳ ಎಲ್ಲಿ ಹೋಯ್ತು ಹೇಳ್ಲೇನು? ಅರ್ಧ ಸೂಗಪ್ಪನ ಕಿಸೇಕ, ಅರ್ಧ ಚಾಚಾನ ಕಿಸೇಕ."

"ಯಪ್ಪಾ, ನಾ ಇವರಿಗಿ ಚಹಾ ಸೈತ ಕುಡ್ಸಿಲ್ಲ!" ಎಂದ ಸೂಗಪ್ಪ.

ನೀನು ಮೂರೇ ಹಿಡಿದೆ ಎಂದುಬಿಟ್ಟರೆ ಖಮರುದ್ದೀನರ ಮಾತೇ ನಡೆಯುತ್ತಿತ್ತು. ಕಳ್ಳ ಎನ್ನುತ್ತಿದ್ದರು, ಅಷ್ಟೆ. ಸಂತೆ ಕಳ್ಳ ದಲಾಲನನ್ನು ಎರಡು ವಾರದಲ್ಲಿ ಮರೆಯುತ್ತದೆ. ಚಾಲಾಕಿ ಮನುಷ್ಯನೆಂದು ಗಿರಾಕಿ ಹೆಚ್ಚುವುದೂ ಉಂಟು.

ಅವರಿಗೆ ಸಿಟ್ಟು ಬರಲಿಲ್ಲ. ನಾಚಿಕೆಯೂ ಬರಲಿಲ್ಲ. ಗೋಣಿಚೀಲ ಹೊಲಿಯುತ್ತ ಕೂತಿದ್ದ ಮುದುಕಿಯಿಂದ ದಬ್ಬಣ ಇಸಿದುಕೊಂಡು, ಎಲ್ಲರೆದುರು ಬಲಗೈ ಚಾಚಿ, ಕಿರುಬೆರಳಿಗೆ ಚುಚ್ಚಿದರು. ಚುಚ್ಚುವಾಗ ಬೆರಳು ನೋಡಲಿಲ್ಲ. ಗುರುಲಿಂಗಪ್ಪನ ಮುಖ ನೋಡಿದರು. ಮುಖ ಕಿವುಚಿದ್ದು ಅವನೇ.

"ಎಷ್ಟ್ ಒಳಗ ಹೋಗ್ಯಾದ?"

"ಸಾಕ್ ಚಾಚಾ, ರಕ್ತ ಬರಾಕತ್ತದ."

"ನಂಗ ಗೊತ್ತಾಗಲ್ಲ. ಮಳಿಗಾಲದಿಂದ ಸತ್ತದ ಇದು. ನೀ ನಾಕ್ ಹಿಡದಿದ್ದು ಖರೇ. ತಪ್ಪು ನಂದು."

ಶಬ್ಬೀರ್ ಹಲ್ಲುಕಡ್ಡಿ ಮತ್ತೆ ಬಾಯಿಗಿಟ್ಟುಕೊಂಡ. ಸೂಗಪ್ಪ ಹಗ್ಗ ಬಿಟ್ಟು ನೋಟು ವಾಪಸು ತೆಗೆದುಕೊಂಡ. ಮುದುಕಿ ದಬ್ಬಣ ಒರೆಸಿ ಹೊಲಿಗೆ ಮುಂದುವರಿಸಿದಳು.

ಮುಂದಿನ ವಾರವೂ ಖಮರುದ್ದೀನ್ ಅದೇ ಬಸ್ಸಿಗೆ ಹೋದರು. ಆ ದಿನ ಬೇರೆಲ್ಲಿಗೂ ಹೋಗಿ ರೂಢಿಯಿರಲಿಲ್ಲ. ಸಂತೆಯೆಲ್ಲ ಸಲಾಂ ಹೇಳಿತು. ಮೂವರು ಚಹಾ ಕುಡಿಸಿದರು. ಕೈ ಯಾರೂ ಕೊಡಲಿಲ್ಲ. ಹನ್ನೊಂದರ ಹೊತ್ತಿಗೆ ಗುರುಲಿಂಗಪ್ಪ ಬಿಳಿ ಎತ್ತು ಹಿಡಿದು ಹತ್ತಿರ ಬಂದ.

"ಚಾಚಾ, ಕಿವ್ಯಾಗ ಹೇಳ್ತೀನ್ರಿ. ನೀವೇ ಮುಗಸ್ರಿ."

"ಕಿವ್ಯಾಗ ಹೇಳಿದ್ದು ನಾಕ್ ಮಂದಿ ಕೇಳ್ತಾರ. ನಿನ್ನ ಎತ್ತಿಗಿ ಕಿಮ್ಮತ್ ಬರಲ್ಲ. ಶಬ್ಬೀರನ ಬಲ್ಲಿ ಹೋಗು."

"ಅಂವ ನಿಮಗ ಹಂಗ ಅಂದನಲ್ರಿ?"

"ಅವನ ಬಾಯಿ ಕೆಟ್ಟದ. ಬೆರಳ ಛಲೋ ಅದಾವ."

ಗುರುಲಿಂಗಪ್ಪ ಹೋದ. ಖಮರುದ್ದೀನ್ ಕಲ್ಲಿನ ಮೇಲೆ ಕೂತು ಅತ್ತ ನೋಡಿದರು. ಶಬ್ಬೀರನ ಟವೆಲ್ಲಿನ ಹೊರಗೆ ಕೊಳ್ಳುವವನ ಮೊಣಕೈ ಒಮ್ಮೆ ಎದ್ದು ಇಳಿಯಿತು. ಕಿರುಬೆರಳಿಗೆ ಕೈ ಚಾಚಿದಾಗ ಮಾತ್ರ ಮೊಣಕೈ ಹಾಗೆ ಏಳುತ್ತದೆ. ನಾಲ್ಕಕ್ಕೆ ಹೋಯಿತು, ಅವರಿಗೆ ಅಷ್ಟೇ ಸಾಕಿತ್ತು.

"ಎಷ್ಟಕ್ಕ ಹೋಯ್ತ್ರಿ ಚಾಚಾ?" ಪಕ್ಕದಲ್ಲಿ ಕೂತವನು ಕೇಳಿದ.

"ನಂಗೇನ್ ಗೊತ್ತು?" ಎಂದರು ಖಮರುದ್ದೀನ್.