ಭಾಗಮ್ಮ ತೆಗೆಯದ ಬಾಗಿಲು

ಮಾದಿಹಳ್ಳಿ, ಮುಖ್ಯ ರಸ್ತೆಯಿಂದ ಒಳಗಿರುವ ಪುಟ್ಟ ಊರು. ಬೆಳಕು ಈಗಷ್ಟೇ ಹರಿಯುತ್ತಿದೆ, ಹಾಲಿನ ಕ್ಯಾನು ಹಿಡಿದವರು ಡೇರಿಯತ್ತ ನಡೆದಿದ್ದಾರೆ. ಪಕ್ಕದ ರೈತ ಸಂಘದ ಕೋಣೆಯಲ್ಲಿ ಭಾಗಮ್ಮ ಕಸ ಗುಡಿಸಿ, ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ಸೀರೆಯ ತುಂಡನ್ನು ಮಡಚಿಡುತ್ತಾರೆ. ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆ ತಿಳಿಯಲು ಆಗಲೇ ಒಬ್ಬರು ಬಂದು ಜಗಲಿಯಲ್ಲಿ ಕೂತಿದ್ದಾರೆ.

ಊರಿನವರೆಲ್ಲ ವಂತಿಗೆ ಹಾಕಿ ಕೊಂಡ ಯಂತ್ರವಿದು. ಯಾರು ಯಾವಾಗ ಬಳಸಬೇಕು, ಅದರಲ್ಲಿ ಏನಿರಬೇಕು ಎಂಬುದನ್ನು ಊರ ಸಭೆಯೇ ತೀರ್ಮಾನಿಸುತ್ತದೆ. ತೆಂಗಿಗೆ ನುಸಿ ರೋಗ ಬಂದಾಗ ಯಾರ ತೋಟದಲ್ಲಿ ಏನಾಯಿತು, ಯಾವ ಔಷಧಿ ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದೆಲ್ಲ ಅದರಲ್ಲಿದೆ. ಸಂಘದ ಕಸ ಗುಡಿಸಿ ಬದುಕುವ ಭಾಗಮ್ಮನನ್ನು ಕೋಣೆ ನೋಡಿಕೊಳ್ಳಲು ಆರಿಸಿದ್ದೂ ಸಭೆಯೇ.

ಕಳೆದ ವರ್ಷ, 2006ರಲ್ಲಿ, ಔಷಧಿ ಮಾರುವ ಕಂಪನಿಯೊಂದು ಊರಿಗೆ ಬಂತು. ಹೊಸ ಕಂಪ್ಯೂಟರುಗಳನ್ನು ಪುಕ್ಕಟೆ ಕೊಡುತ್ತೇವೆ, ಬದಲಿಗೆ ತೋಟಗಳ ವಿವರವೆಲ್ಲ ನಮಗೆ ಬೇಕು ಎಂದಿತು. ಸಂಘದ ಕಾರ್ಯದರ್ಶಿ ಹನುಮಂತಯ್ಯ ಒಪ್ಪಿ, ಕೋಣೆಯ ಬಾಗಿಲು ತೆಗೆಯಲು ಭಾಗಮ್ಮನಿಗೆ ಹೇಳಿದರು.

"ಸಭೆ ಕೇಳ್ದೆ ನಾನು ತೆಗೆಯಾಕಿಲ್ಲ ಕಣಣ್ಣ," ಎಂದರು ಭಾಗಮ್ಮ.

"ಕಸ ಗುಡ್ಸೋಳು ನೀನು ನಂಗೆ ಕಾನೂನು ಹೇಳ್ತೀಯಾ?"

ಮರುದಿನದಿಂದ ಭಾಗಮ್ಮನಿಗೆ ಕೆಲಸವಿರಲಿಲ್ಲ. ಕೋಣೆಯ ಬೀಗದ ಕೈಯನ್ನು ಮಾತ್ರ, ಸಭೆಗೇ ಒಪ್ಪಿಸುತ್ತೇನೆಂದು ಕೊಡದೆ ಇಟ್ಟುಕೊಂಡರು. ಹಗಲು ಕಂಡವರ ಹೊಲದಲ್ಲಿ ಕಳೆ ಕಿತ್ತರು, ಸಂಜೆ ಮನೆಮನೆಗೆ ಹೋಗಿ ಸಭೆ ಸೇರಿಸಿ ಎಂದು ಕೇಳಿದರು. "ಭಯ ಆಗಿತ್ತು. ಒಲೆ ಉರೀಬೇಕಲ್ಲ," ಎನ್ನುತ್ತಾರೆ.

ಕೊನೆಗೆ ಡೇರಿ ಅಂಗಳದಲ್ಲಿ ಊರು ಸೇರಿತು. ನುಸಿಗೆ ತೋಟದ ಅರ್ಧ ಫಸಲು ಕಳೆದುಕೊಂಡ ಹುಚ್ಚಮ್ಮ ಎದ್ದು ನಿಂತರು. "ನಮ್ಮ ಫಸ್ಲು ಹೋಗಿದ್ದು ಅಕ್ಕಪಕ್ಕದೋರಿಗೆ ಪಾಠ ಆಗ್ಲಿ ಅಂತ ಹೇಳ್ಕೊಂಡೆ. ಕಂಪ್ನಿಯೋರಿಗೆ ಅಂತ ಅಲ್ಲ."

ಸಭೆ ಕಂಪನಿಯನ್ನು ವಾಪಸು ಕಳಿಸಿತು. ಭಾಗಮ್ಮನಿಗೆ ಕೆಲಸ ಮತ್ತೆ ಸಿಕ್ಕಿತು. ಹನುಮಂತಯ್ಯ ತೀರ್ಮಾನಕ್ಕೆ ತಲೆಬಾಗಿದರು, ಆದರೆ ಭಾಗಮ್ಮನೊಡನೆ ಇಂದಿಗೂ ಮಾತಿಲ್ಲ. ಕಾಲೇಜಿಗೆ ಹೋಗುವ ಪುನೀತ್‌ಗೂ ಬೇಸರವಿದೆ. "ಹೊಸ ಕಂಪ್ಯೂಟರ್ ಬಂದಿದ್ರೆ ನಾವೆಲ್ಲ ಕಲೀತಿದ್ವಿ ಸರ್," ಎನ್ನುತ್ತಾನೆ.

ಭಾಗಮ್ಮ ಇದನ್ನು ಅಲ್ಲಗಳೆಯುವುದಿಲ್ಲ. "ಅವ್ನು ಹೇಳೋದೂ ನಿಜಾನೇ. ಇರೋದು ಒಂದೇ, ಪಾಪ ಕಾಯ್ಬೇಕು."

ಮುಂದಿನ ತಿಂಗಳು ಕೋಣೆ ನೋಡಿಕೊಳ್ಳುವವರನ್ನು ಸಭೆ ಹೊಸದಾಗಿ ಆರಿಸಲಿದೆ. ನಿಮ್ಮನ್ನೇ ಮುಂದುವರಿಸುತ್ತಾರಂತೆ ಎಂದಾಗ ಭಾಗಮ್ಮ ತಲೆಯಾಡಿಸುತ್ತಾರೆ.

"ಬ್ಯಾಡ. ಈ ಸಲ ಪುನೀತನ್ನ ಆರ್ಸಿ ಅಂತ ಕೇಳ್ತೀನಿ. ನಾನೇ ಕುಂತ್ಕೊಂಡ್ರೆ ನಾಳೆ ಇದು ಭಾಗಮ್ಮನ ಕಂಪ್ಯೂಟ್ರು ಆಯ್ತದೆ."