ಅಧ್ಯಕ್ಷರ ‘ನೋಡೋಣ’

ಹೋದ ವಾರ ಜಯನಗರದ ಔಷಧಿ ಅಂಗಡಿಯಲ್ಲಿ ಸರದಿಗೆ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಚೀಲದಿಂದ ಕರ್ಚೀಫ್ ತೆಗೆದು ಮೂಗಿಗೆ ಹಿಡಿದರು. ನೀಲಗಿರಿ ಎಣ್ಣೆಯ ವಾಸನೆ ಘಮ್ಮೆಂದು ಬಂತು. ಅಷ್ಟೇ... ನನ್ನ ಸರದಿ ಬಂದದ್ದೂ ತಿಳಿಯಲಿಲ್ಲ. ಅಂಗಡಿಯವರು “ಮೇಡಂ, ನಿಮ್ಗೇನು ಬೇಕು?” ಎಂದು ಎರಡು ಸಲ ಕೇಳಬೇಕಾಯಿತು.

ನಮ್ಮ ವಿಶ್ವವಿದ್ಯಾಲಯದ ಸೂಪರಿಂಟೆಂಡೆಂಟ್ ಮೇಡಂ ನೆನಪಾಗಿದ್ದರು. ಆಡಳಿತ ಮಂಡಳಿಯ ಸಭೆಗಳ ನಡಾವಳಿ ಬರೆಯುತ್ತಿದ್ದವರು ಅವರೇ. ಸಭಾಂಗಣದಲ್ಲಿ ಏಸಿ ಗಾಳಿ ನೇರವಾಗಿ ಬೀಸುವ ಮೂಲೆಯಲ್ಲಿ ಅವರ ಕುರ್ಚಿ. ಅದನ್ನು ಸರಿಸಿ ಎನ್ನಲು ಸಂಕೋಚ. ಹಾಗಾಗಿ ನೀಲಗಿರಿ ಎಣ್ಣೆ ಚಿಮುಕಿಸಿದ ಕರ್ಚೀಫ್ ಸದಾ ಕೈಯಲ್ಲಿ. ಹನುಮಂತನಗರದಿಂದ ಎರಡು ಬಸ್ಸು ಹತ್ತಿಳಿದು ಕೋಣನಕುಂಟೆಯಾಚೆಯ ನಮ್ಮ ಕ್ಯಾಂಪಸ್ಸಿಗೆ ಬರುತ್ತಿದ್ದರು.

ನಮ್ಮದು ಸಿರಿವಂತ ವಿಶ್ವವಿದ್ಯಾಲಯ. ಬಾಗಿಲಲ್ಲೇ ಕಾರಂಜಿ, ಒಳಗೆ ಕಾಲು ಜಾರುವಷ್ಟು ನುಣುಪಾದ ನೆಲ. ಮಂಡಳಿಯ ಹದಿನೈದು ಕುರ್ಚಿಗಳಲ್ಲಿ ಆರು ಅಧ್ಯಕ್ಷರ ಮನೆಯವರವು. ತಮ್ಮ, ಮಗ, ಅಳಿಯ... ಹೀಗೆ. ಉಳಿದವರಲ್ಲಿ ಹೆಚ್ಚಿನವರು ಗೋಣು ಅಲ್ಲಾಡಿಸುವುದರಲ್ಲಿ ನುರಿತವರು. ಅಧಿಕಾರ ಯಾರ ಕೈಯಲ್ಲಿದೆ ಎಂದು ಯಾರೂ ತಲೆ ಕೆರೆದುಕೊಳ್ಳಬೇಕಿರಲಿಲ್ಲ.

ನಾನು ಅಲ್ಲಿ ಕನ್ನಡ ಕಲಿಸುವ ಗುತ್ತಿಗೆ ಉಪನ್ಯಾಸಕಿ. ಎಂಟು ವರ್ಷ ಹಾಗೆಯೇ ಕಳೆದಿತ್ತು. ಪ್ರತಿ ಜೂನ್‌ನಲ್ಲೂ ಹೊಸ ಆದೇಶ ಬರುವವರೆಗೆ ಎದೆ ಡವಡವ. ಕೊನೆಗೆ ಧೈರ್ಯ ಮಾಡಿ, ಕಾಯಂ ಮಾಡಿ ಎಂದು ಅರ್ಜಿ ಕೊಟ್ಟೆ. ಅದು ಮಂಡಳಿಯ ಮುಂದೆ ಹೋಯಿತು. ಅಧ್ಯಕ್ಷರು “ನೋಡೋಣ” ಎಂದರಂತೆ.

‘ನೋಡೋಣ’ ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ? ಹುಡುಗಿ ನೋಡಲು ಬಂದವರು ಕಾಫಿ ಕುಡಿದು ಹೊರಡುವಾಗ ಅದನ್ನೇ ಹೇಳುತ್ತಾರೆ. ಸುಣ್ಣಬಣ್ಣ ಮಾಡಿಸಿಕೊಡಿ ಎಂದರೆ ಮನೆ ಮಾಲೀಕರೂ ಅದನ್ನೇ ಹೇಳುತ್ತಾರೆ. ಮುಖ ಕೆಡಿಸಿಕೊಳ್ಳದೆ ಇಲ್ಲ ಎನ್ನುವ ರೀತಿ ಅದು. ನಮ್ಮ ಅಧ್ಯಕ್ಷರು ಅದರಲ್ಲಿ ಪಳಗಿದವರು. ಯಾರಿಗೂ ಎದುರಿಗೆ ಆಗಲ್ಲ ಎಂದವರಲ್ಲ. ಅವರು ‘ನೋಡೋಣ’ ಎಂದ ವಿಷಯ ಮತ್ತೆ ತಲೆ ಎತ್ತುತ್ತಿರಲಿಲ್ಲ. ನಾನು ಒಂದು ದಿನ ಅತ್ತು, ಬೇರೆ ಕಾಲೇಜುಗಳಿಗೆ ಅರ್ಜಿ ಬರೆಯತೊಡಗಿದೆ.

ಮೇಡಂ ಮಾತ್ರ ಆ ಮಾತನ್ನು ಇದ್ದ ಹಾಗೇ ತೆಗೆದುಕೊಂಡರು. ‘ಮುಂದಿನ ಸಭೆಯಲ್ಲಿ ನೋಡುವುದೆಂದು ತೀರ್ಮಾನಿಸಲಾಯಿತು’ ಎಂದು ನಡಾವಳಿ ಪುಸ್ತಕದಲ್ಲಿ ಗುಂಡಗೆ ಬರೆದರು. ಆ ಪುಟಗಳನ್ನು ಆಮೇಲೆ ನಾನೇ ಓದಿದ್ದೇನೆ. ಹಾಗೆ ಬರೆದ ಮೇಲೆ ಮುಂದಿನ ಸಭೆಯ ಪಟ್ಟಿಯಲ್ಲಿ ಅದು ಬರಲೇಬೇಕು. ಬಂತು. ಮತ್ತೆ “ನೋಡೋಣ”. ಮತ್ತೆ ಅದೇ ಸಾಲು. ನಾಲ್ಕನೆಯ ಸಭೆಯಲ್ಲಿ ಅಧ್ಯಕ್ಷರ ಅಳಿಯನೇ ರೇಗಿದರಂತೆ: “ಮಾವ, ಇದೊಂದು ಐಟಂ ಎಷ್ಟು ಸಲ ಬರತ್ತೆ? ಮುಗಿಸ್ಬಿಡಿ.” ಅಷ್ಟು ಜನರೆದುರು ಆಗಲ್ಲ ಎನ್ನಲು ಅಧ್ಯಕ್ಷರ ನಾಲಿಗೆ ಹೊರಳಲಿಲ್ಲ. “ಆಯ್ತು, ಮಾಡಿ” ಎಂದುಬಿಟ್ಟರು.

ಆದೇಶ ಕೈಗೆ ಬಂದ ದಿನ ಮೈಸೂರು ಪಾಕ್ ಹಿಡಿದು ಮೇಡಂ ಮೇಜಿನ ಹತ್ತಿರ ಓಡಿದೆ.

“ನಾನೇನಮ್ಮ ಮಾಡ್ದೆ? ಅವ್ರು ಹೇಳಿದ್ದನ್ನ ಬರ್ದೆ, ಅಷ್ಟೇ,” ಎಂದರು. ಆಮೇಲೆ ದನಿ ತಗ್ಗಿಸಿ, “ದೊಡ್ಡೋರು ನೋಡ್ತೀನಿ ಅಂದ್ಮೇಲೆ ನಾವು ನಂಬಬೇಕಲ್ವಾ?”

ತುಟಿ ನಗಲಿಲ್ಲ, ಕಣ್ಣು ಮಾತ್ರ ನಗುತ್ತಿತ್ತು. ಇವತ್ತಿಗೂ ನಾನು ಉಣ್ಣುವ ಅನ್ನದಲ್ಲಿ ಅವರದೊಂದು ಪಾಲಿದೆ ಎಂದೇ ತಿಳಿದಿದ್ದೇನೆ.

ಕೆಲವು ವರ್ಷಗಳ ಮೇಲೆ ನಾನು ಅಧ್ಯಾಪಕರ ಪ್ರತಿನಿಧಿಯಾಗಿ ಅದೇ ಮಂಡಳಿಗೆ ಹೋದೆ. ಆಗ ಮೇಡಂ ನಿವೃತ್ತಿ ಹತ್ತಿರವಾಗಿತ್ತು. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದರು. ಇನ್ನೊಂದು ವರ್ಷ ಕೆಲಸದಲ್ಲಿ ಮುಂದುವರಿಸಿ ಎಂದು ಕೇಳಿದ್ದರು. ತಮ್ಮದೇ ವಿಷಯವಾದ್ದರಿಂದ ಅವರು ಸಭೆಯಿಂದ ಹೊರಗೆ ಹೋಗಬೇಕಿತ್ತು. ಪುಸ್ತಕವನ್ನು ಸಹಾಯಕ ಕುಲಸಚಿವರ ಮುಂದಿಟ್ಟು ಎದ್ದು ಹೋದರು. ಅಧ್ಯಕ್ಷರು ಎಂದಿನಂತೆ “ನೋಡೋಣ” ಎಂದರು. ಸಹಾಯಕ ಕುಲಸಚಿವರು ಜಾಣರು, ಅರ್ಥ ಮಾಡಿಕೊಂಡರು. ‘ಕೋರಿಕೆಯನ್ನು ಒಪ್ಪಲಾಗಲಿಲ್ಲ’ ಎಂದು ಬರೆದರು.

ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಸಾಲು ಚೆನ್ನಾಗಿಯೇ ಕಂಡಿತು. ಸಾರ್, ಅಧ್ಯಕ್ಷರು ಹಾಗೆ ಹೇಳಲಿಲ್ಲವಲ್ಲ ಎಂದರೆ ಸಾಕಿತ್ತು. ಆದರೆ ಅದು ನನ್ನ ಮೊದಲ ಸಭೆ, ಅಧ್ಯಕ್ಷರು ಆಗಷ್ಟೇ ನನ್ನನ್ನು ನೋಡಿ ಮುಗುಳ್ನಕ್ಕಿದ್ದರು... ಬಾಯಿಗೆ ಬೀಗ ಬಿತ್ತು.

ಮೇಡಂ ಒಳಗೆ ಬಂದು ಕೂತರು. ಆ ಸಾಲನ್ನು ಓದಿದರು. ಅದರ ಕೆಳಗೆ ಮುಂದಿನ ವಿಷಯದ ಸಂಖ್ಯೆ ಹಾಕಿ ಬರೆಯತೊಡಗಿದರು. ನನ್ನನ್ನು ಏನೂ ಕೇಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನಿವೃತ್ತಿಯ ದಿನ ನನ್ನ ಕೈ ಹಿಡಿದು, “ಚೆನ್ನಾಗಿರಿ ಕಣಮ್ಮ,” ಎಂದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಇನ್ನೂ ಮಂಡಳಿಯಲ್ಲಿದ್ದೇನೆ. ಈಗ ಅಧ್ಯಕ್ಷರು “ನೋಡೋಣ” ಎಂದೊಡನೆ, “ಸಾರ್, ಮುಂದಿನ ಸಭೇಲಿ ಅಂತ ಬರ್ಕೊಳ್ಳೋಣ,” ಎನ್ನುತ್ತೇನೆ. ಅಳಿಯ ಹಲ್ಲು ಕಡಿಯುತ್ತಾರೆ, ಕಡಿಯಲಿ. ತೋಟದ ಕೆಲಸದ ಇಬ್ಬರು, ಗ್ರಂಥಾಲಯದ ಒಬ್ಬರು ಹಾಗೆಯೇ ಕಾಯಂ ಆದರು. ಅವರು ಬಂದು ಕೈ ಮುಗಿದಾಗಲೆಲ್ಲ ಮೇಡಂ ಬಗ್ಗೆ ಹೇಳುತ್ತೇನೆ, ಇದು ಅವರು ಕಲಿಸಿದ ವಿದ್ಯೆ ಎನ್ನುತ್ತೇನೆ. ಮೇಡಂ ಸರದಿ ಬಂದಾಗ ನಾನು ಸುಮ್ಮನೆ ಕೂತಿದ್ದೆ ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿರಲಿಲ್ಲ.