ಬೀಗರಿಗೆ ‘ಮಗಾ’ ಅಂದದ್ದು

ಅವರೆಕಾಳು ಹಿಸುಕಿ ಹಿಸುಕಿ ನನ್ನ ಫೋನಿಗೂ ಸೊಗಡು ಹತ್ತಿದೆ. ಒರೆಸಿದರೂ ಹೋಗುವುದಿಲ್ಲ, ಹೋಗಲಿ ಅಂತ ನನಗೆ ಆಸೆಯೂ ಇಲ್ಲ. ಈ ವಾಸನೆಗೂ ಒಂದು ಮಾತಿಗೂ ನಂಟಿದೆ, ಕೇಳಿ.

ಹೋದ ವರ್ಷ ಮೊಮ್ಮಗಳು ಅನು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದಳು. ಅಕ್ಷರದ ಹಿಂದೆಯೇ ಅವಳ ಕಾಲೇಜಿನ ಮಾತೂ ಬಂತು. ಗೆಳತಿಯರನ್ನೆಲ್ಲ ಅವಳು ‘ಮಗಾ’ ಅನ್ನುತ್ತಾಳೆ.

"ಹುಡುಗಿ ಹೇಗೇ ಮಗ ಆಗ್ತಾಳೆ?" ಅಂದೆ.

"ಅಜ್ಜಿ, ಯಾರಿಗೆ ಅಂತೀವಿ ಅನ್ನೋದ್ರ ಮೇಲಿದೆ. ಫ್ರೆಂಡಿಗಂದ್ರೆ ಪ್ರೀತಿ. ಸಿಗ್ನಲ್ಲಲ್ಲಿ ಗಾಡಿ ತಾಗಿಸ್ದೋನಿಗಂದ್ರೆ ಜಗಳ. ಲೆಕ್ಚರರ್‌ಗಂದ್ರೆ ಮನೆಗೆ ಫೋನ್ ಬರತ್ತೆ."

"ಬೀಗರಿಗಂದ್ರೆ?"

ಅನು ನಕ್ಕು ನಕ್ಕು ಸೋಫಾದಿಂದ ಜಾರಿದಳು.

ಬೀಗರು ಅಂದರೆ ಅವಳ ಇನ್ನೊಬ್ಬ ತಾತ, ಸಾರಕ್ಕಿಯ ಪುಟ್ಟಸ್ವಾಮಿ. ನನ್ನ ಮಗಳ ಮದುವೆಯಲ್ಲಿ ಅವರ ಕಡೆಯವರ ಪಂಕ್ತಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದುಹೋಗಿತ್ತು. ಅಂದಿನಿಂದ ಇಪ್ಪತ್ತು ವರ್ಷ ನಮ್ಮ ನಡುವೆ ಎರಡೇ ಮಾತು: "ಚೆನ್ನಾಗಿದ್ದೀರಾ?" "ಹೂಂ, ನೀವು?" ಜಯನಗರದ ನಮ್ಮ ಮನೆಯಲ್ಲಿ ಅವರು ನೀರೂ ಮುಟ್ಟುತ್ತಿರಲಿಲ್ಲ. ನಡುವೆ ಸಿಕ್ಕ ಮಗಳು ಹಬ್ಬ ಬಂದರೆ ಹೆದರುತ್ತಿದ್ದಳು.

ಒಂದು ದಿನ ಅವರು ಮನೆಮಂದಿಯ ಗ್ರೂಪಿಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೋ ಕಳಿಸಿದರು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನನ್ನದು ಹೋಯಿತು: ‘ಸಖತ್ ಮಗಾ’.

ಮಗಳ ಫೋನು ಬಂತು. "ಅಮ್ಮಾ, ಮೊದ್ಲು ಡಿಲೀಟ್ ಮಾಡು. ನಾನು ಈ ಮನೇಲಿ ಬಾಳ್ಬೇಕು."

ನನಗೆ ಒತ್ತುವುದು ಬರುತ್ತಿತ್ತು, ಅಳಿಸುವುದನ್ನು ಅನು ಇನ್ನೂ ಕಲಿಸಿರಲಿಲ್ಲ. ಎರಡು ದಿನ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಇಲ್ಲ.

ಮೂರನೆಯ ದಿನ ಬಾಗಿಲು ತೆಗೆದರೆ ಬೀಗರು. ಕೈಯಲ್ಲಿ ಅವರೆಕಾಯಿ ಚೀಲ, ಮುಖ ಬಿಗಿ.

"ಅನೂನ ಕೇಳ್ದೆ. ಹತ್ರದೋರಿಗೆ ಮಾತ್ರ ಹಂಗಂತಾರಂತೆ," ಅಂದರು. ಚೀಲ ಇಳಿಸಿ, ಕೂತು, ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಕಾಫಿ ಕೊಡಲ್ವಾ, ಮಗಾ?"

ಎರಡು ಲೋಟ ಕುಡಿದರು. ಹೊರಡುವಾಗ, "ಹೋಳಿಗೆ ಇದ್ದಿದ್ರೆ ಅದನ್ನೂ ತಿಂತಿದ್ದೆ," ಅಂತ ಚುಚ್ಚುವುದನ್ನೂ ಮರೆಯಲಿಲ್ಲ.

ಈ ವರ್ಷದ ಚೀಲ ಇವತ್ತು ಬಂದಿದೆ. ಹಿಸುಕುತ್ತಿರುವಾಗಲೇ ಫೋನು ಟಿಂಗ್ ಅಂತು: ‘ಸಾರು ಆಯ್ತಾ ಮಗಾ?’ ಹೋಳಿಗೆಗೂ ಬೇಳೆ ಬೇಯಲು ಇಟ್ಟಿದ್ದೇನೆ, ಅದನ್ನು ಹೇಳಲಿಲ್ಲ.

ಅನುಗೆ ಕಳಿಸಬೇಕಾದ್ದನ್ನು ಅಜ್ಜಿ ಅವತ್ತು ತಪ್ಪಿ ಗ್ರೂಪಿಗೆ ಹಾಕಿಬಿಟ್ಟಳು ಅಂತ ಮನೆಯವರೆಲ್ಲ ಇನ್ನೂ ನಂಬಿದ್ದಾರೆ. ಆ ಎರಡು ಪದ ಒತ್ತಲು ನನಗೆ ಹತ್ತು ನಿಮಿಷ ಹಿಡಿದಿತ್ತು. ಹತ್ತು ನಿಮಿಷ ಕೂತು ಯಾರಾದರೂ ತಪ್ಪು ಮಾಡುತ್ತಾರೆಯೇ?